ಹಾಡು ಕಟ್ಟುವವರಿಗೆ ವ್ಯವಹಾರ ಯಾಕೆ ಗೊತ್ತಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಹಾಡು ಕಟ್ಟಿ, ಸ್ವಂತ ದುಡ್ಡು ಹಾಕಿ ರೆಕಾರ್ಡ್ ಮಾಡುವ ಹುಡುಗ ಹುಡುಗಿಯರು ಈಗ ಕನ್ನಡದಲ್ಲಿ ತುಂಬಾ ಜನ ಇದ್ದಾರೆ. ಸಿನಿಮಾ ಅವಕಾಶಕ್ಕೆ ಕಾಯದೆ ಮನೆಯ ಒಂದು ಕೋಣೆಯಲ್ಲೇ ಹಾಡು ಮುಗಿಸುತ್ತಾರೆ. ಹಾಡು ಚೆನ್ನಾಗಿಯೂ ಇರುತ್ತದೆ. ಆಮೇಲೆ ಏನು ಮಾಡಬೇಕು ಅನ್ನುವಲ್ಲಿ ನಿಂತುಬಿಡುತ್ತಾರೆ. ನಾನೂ ಅಲ್ಲೇ ಹಲವು ವರ್ಷ ನಿಂತಿದ್ದೆ. ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತಿ, ಒಂದೆರಡು ಕಡೆ ಪೆಟ್ಟು ತಿಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳೆಲ್ಲ ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ, ಇಲ್ಲವೇ ರಾತ್ರಿ ಫೋನಿನಲ್ಲಿ ಕಿರಿಯರು ನನಗೆ ಕೇಳಿದವು.

## ನಾನು ಹಾಡುವವನು. ವ್ಯವಹಾರ ನನಗೆ ಯಾಕೆ?

ನಿಮ್ಮ ಪರವಾಗಿ ಅದನ್ನು ಬೇರೆ ಯಾರೂ ಮಾಡುತ್ತಿಲ್ಲ, ಅದಕ್ಕೆ. ಸಿನಿಮಾ ಹಾಡಿಗೆ ನಿರ್ಮಾಪಕರು ಇರುತ್ತಾರೆ, ಆಡಿಯೋ ಕಂಪನಿ ಇರುತ್ತದೆ, ಪೋಸ್ಟರ್ ಅಂಟಿಸುವವರಿಂದ ಲೆಕ್ಕ ಬರೆಯುವವರ ತನಕ ಜನ ಇರುತ್ತಾರೆ. ನಾಯಕನ ಮುಖವೇ ಹಾಡನ್ನು ಅರ್ಧ ದಾರಿ ಹೊತ್ತುಕೊಂಡು ಹೋಗುತ್ತದೆ. ನಿಮ್ಮ ಹಾಡಿಗೆ ಇರುವುದು ನೀವೊಬ್ಬರೇ.

ವ್ಯವಹಾರ ಅಂದ ತಕ್ಷಣ ಅಂಗಡಿ, ಗಲ್ಲಾಪೆಟ್ಟಿಗೆ ಕಣ್ಣ ಮುಂದೆ ಬರುತ್ತದೆ, ಅಲ್ವಾ? ನಾನು ಹೇಳುವುದು ಅದಕ್ಕಿಂತ ಚಿಕ್ಕದು. ಹಾಡು ಯಾರದು ಎಂದು ಬರೆದಿಡುವುದು. ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿಸುವುದು. ಬಂದ ದುಡ್ಡು ಸರಿಯಾದ ಕೈಗೆ ಸೇರುವಂತೆ ನೋಡಿಕೊಳ್ಳುವುದು. ಮಗು ಹುಟ್ಟಿದರೆ ಹೆಸರಿಡುತ್ತೇವೆ, ಜನನ ಪ್ರಮಾಣಪತ್ರ ಮಾಡಿಸುತ್ತೇವೆ, ಲಸಿಕೆ ಹಾಕಿಸುತ್ತೇವೆ. ಹಾಡನ್ನು ಮಾತ್ರ ಹೆತ್ತು ಬೀದಿಗೆ ಬಿಡುತ್ತೇವೆ.

## ದುಡ್ಡಿನ ಯೋಚನೆ ಬಂದರೆ ಕಲೆ ಕೆಡುವುದಿಲ್ಲವಾ?

ಈ ಭಯ ನನಗೂ ಇತ್ತು. ನಮ್ಮ ಕಡೆ ಸಂಗೀತವನ್ನು ಸರಸ್ವತಿ ಎನ್ನುತ್ತೇವೆ. ಲಕ್ಷ್ಮಿಯ ಮಾತು ಎತ್ತಿದರೆ ಮೈಲಿಗೆಯಾದಂತೆ ಮಾಡುತ್ತೇವೆ.

ಪುರಂದರದಾಸರನ್ನು ನೆನೆಸಿಕೊಳ್ಳಿ. ನವಕೋಟಿ ನಾರಾಯಣ ಎನಿಸಿಕೊಂಡಿದ್ದವರು ಎಲ್ಲ ಬಿಟ್ಟು ತಂಬೂರಿ ಹಿಡಿದರು ಎಂದು ಕೇಳುತ್ತಾ ಬೆಳೆದವರು ನಾವು. ಅವರು ಸಂಪತ್ತು ಬಿಟ್ಟರು. ಅಂಕಿತ ಬಿಡಲಿಲ್ಲ. ಪ್ರತಿ ಕೀರ್ತನೆಯ ಕೊನೆಗೆ ಪುರಂದರ ವಿಠಲ ಬಂದೇ ಬರುತ್ತದೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಅಂಕಿತ ಇಟ್ಟದ್ದು ಭಕ್ತಿಯಿಂದ, ದುಡ್ಡಿಗಾಗಿ ಅಲ್ಲ. ಆದರೆ ಅದರಿಂದಾದ ಉಪಕಾರ ನೋಡಿ. ಅಚ್ಚು ಯಂತ್ರ ಇಲ್ಲದ ಕಾಲದಲ್ಲಿ, ಬಾಯಿಂದ ಬಾಯಿಗೆ ಹೋದರೂ, ಇಷ್ಟು ನೂರು ವರ್ಷದ ಮೇಲೂ ಯಾರ ಹಾಡು ಎಂದು ಗೊತ್ತಾಗುತ್ತದೆ. ನಾನು ಮುಂದೆ ಹೇಳುವ ಅಗ್ರಿಮೆಂಟ್, ಕೋಡ್, ನೋಂದಣಿ ಎಲ್ಲವೂ ನನ್ನ ಮಟ್ಟಿಗೆ ಈ ಕಾಲದ ಅಂಕಿತಗಳು.

ಇನ್ನು ಕಲೆ ಕೆಡುವ ಮಾತು. ಬಾಡಿಗೆ ಕಟ್ಟಲು ಆಗದ ತಿಂಗಳು ನಾನು ಒಂದು ಒಳ್ಳೆಯ ಸಾಲನ್ನೂ ಬರೆದಿಲ್ಲ.

## ಹಿಂದಿನ ದೊಡ್ಡವರು ಇದೆಲ್ಲ ಮಾಡುತ್ತಿದ್ದರಾ?

ಅವರ ಕಾಲದ ಏರ್ಪಾಡೇ ಬೇರೆ. ಸಿ. ಅಶ್ವಥ್ ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಶಿವಮೊಗ್ಗ ಸುಬ್ಬಣ್ಣ ವಕೀಲರು. ಮನೆ ನಡೆಸಲು ಇನ್ನೊಂದು ದಾರಿ ಇತ್ತು. ಹಾಡು ಮನೆಮನೆಗೆ ಮುಟ್ಟಿಸಲು ಆಕಾಶವಾಣಿ ಇತ್ತು. ಅಲ್ಲಿ ಆಡಿಷನ್ ಪಾಸಾಗಿ ಗ್ರೇಡ್ ಸಿಕ್ಕಿದರೆ ಊರಲ್ಲಿ ಗೌರವ, ಸಂಗೀತ ಕಚೇರಿಗೆ ಕರೆ ಎರಡೂ ಬರುತ್ತಿತ್ತು. ಆಮೇಲೆ ಕ್ಯಾಸೆಟ್ ಬಂತು. ಮಾಡುವುದು, ಹಂಚುವುದು, ಮಾರುವುದು ಕಂಪನಿಯ ತಲೆನೋವು. ಕಲಾವಿದರು ಹಾಡಿ ಬರುತ್ತಿದ್ದರು.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ' ನಡೆಯಿತು. ಭಾವಗೀತೆ ಕೇಳಲು ಅಷ್ಟು ಜನ ಸೇರಿದ್ದನ್ನು ಈಗಲೂ ಮಾತಾಡುತ್ತೇವೆ. ಅಷ್ಟು ದೊಡ್ಡ ಕಾರ್ಯಕ್ರಮ ಬರೀ ಹಾಡಿನಿಂದ ಆಗುವುದಿಲ್ಲ. ಪೊಲೀಸ್ ಅನುಮತಿ, ಧ್ವನಿ ವ್ಯವಸ್ಥೆ, ಪ್ರಚಾರ, ಪಕ್ಕವಾದ್ಯದವರ ಊಟದ ತನಕ ಯಾರೋ ನೋಡಿಕೊಂಡಿರಲೇಬೇಕು. ಕೆಲಸ ಆಗಲೂ ಇತ್ತು. ಈಗ ಅದು ನಮ್ಮ ಪಾಲಿಗೆ ಬಂದಿದೆ.

## ಒಂದು ಹಾಡಿನ ಮೇಲೆ ಯಾರು ಯಾರಿಗೆ ಹಕ್ಕು ಇರುತ್ತದೆ?

ಇದನ್ನು ನಿಧಾನವಾಗಿ ಓದಿ. ಇಲ್ಲಿ ತಪ್ಪಿದರೆ ಮುಂದೆ ಎಲ್ಲ ಕಡೆ ತಪ್ಪುತ್ತದೆ.

ಸಾಹಿತ್ಯ ಒಂದು ಆಸ್ತಿ. ಅದು ಬರೆದವರದು. ಟ್ಯೂನ್ ಇನ್ನೊಂದು. ಅದು ಸಂಗೀತ ಕಟ್ಟಿದವರದು. ರೆಕಾರ್ಡಿಂಗ್ ಮೂರನೆಯದು. ನಾವು ಮಾಸ್ಟರ್ ಎನ್ನುತ್ತೇವಲ್ಲ, ಅದು. ಮುತುವರ್ಜಿ ವಹಿಸಿ, ಹೊಣೆ ಹೊತ್ತು ರೆಕಾರ್ಡ್ ಮಾಡಿಸಿದವರನ್ನು ಕಾನೂನು ಅದರ ನಿರ್ಮಾಪಕ ಎನ್ನುತ್ತದೆ. ಬೇರೆ ಬರಹ ಇಲ್ಲದಿದ್ದರೆ ಮಾಸ್ಟರ್ ಅವರದೇ. ಇದರ ಜೊತೆಗೆ ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆಯೇ ಇದೆ.

ಸಾಹಿತ್ಯ ಮತ್ತು ಟ್ಯೂನಿನ ಹಕ್ಕು ಕರ್ತೃ ಇರುವ ತನಕ, ಅವರು ಹೋದ ಮೇಲೆ ಇನ್ನೂ 60 ವರ್ಷ. ಮಾಸ್ಟರ್ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. ಪ್ರದರ್ಶಕರ ಹಕ್ಕು 50 ವರ್ಷ. ಅಂದರೆ ನೀವು ಈಗ 23ನೇ ವಯಸ್ಸಿನಲ್ಲಿ ಕಟ್ಟಿದ ಹಾಡು ನಿಮ್ಮ ಮೊಮ್ಮಕ್ಕಳಿಗೂ ದುಡ್ಡು ತರಬಹುದು. ಇದನ್ನು ಹೇಳಿದಾಗ ಎಷ್ಟೋ ಹುಡುಗರು ನಂಬುವುದಿಲ್ಲ. ಸೈಟು, ತೋಟ ಮಾತ್ರ ಆಸ್ತಿ ಅಂದುಕೊಂಡಿರುತ್ತಾರೆ.

ಬೀಟ್, ಅಂದರೆ ಸಿದ್ಧ ಹಿನ್ನೆಲೆ ಸಂಗೀತ, ಕೊಂಡು ಹಾಡುವ ರ‍್ಯಾಪರ್‌ಗಳಿಗೆ ಒಂದು ಮಾತು. ಅದೇ ಬೀಟನ್ನು ನಿಮ್ಮ ಹಾಗೆ ಇನ್ನೂ ನೂರು ಜನ ಕೊಂಡಿರಬಹುದು. ಲೈಸೆನ್ಸ್‌ನಲ್ಲಿ ಏನು ಬರೆದಿದೆ ಎಂದು ಮೊದಲು ಓದಿ, ಆಮೇಲೆ ದುಡ್ಡು ಕೊಡಿ.

## ಕನ್ನಡ ಕವಿಗಳ ಕವಿತೆಗೆ ನಾನೇ ಟ್ಯೂನ್ ಹಾಕಿ ಬಿಡುಗಡೆ ಮಾಡಬಹುದಾ?

ಕವಿ ಯಾರು ಎನ್ನುವುದರ ಮೇಲಿದೆ. ಕವಿ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಎಣಿಸಿ. ಬೇಂದ್ರೆ ಹೋದದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯ ತನಕ ವಾರಸುದಾರರದು. ಡಿ.ವಿ.ಜಿ. 1975ರಲ್ಲಿ ಹೋದರು, ಹಾಗಾಗಿ 2035. ಕುವೆಂಪು 1994, ಅಂದರೆ 2054ರ ತನಕ. ಕೆ.ಎಸ್. ನರಸಿಂಹಸ್ವಾಮಿಯವರ ಮಲ್ಲಿಗೆಯ ಕವಿತೆಗಳಿಗೆ 2063. ಇವರ ಕವಿತೆ ಬೇಕಿದ್ದರೆ ಕುಟುಂಬದವರನ್ನೋ ಹಕ್ಕು ಇರುವ ಟ್ರಸ್ಟನ್ನೋ ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕವಿಯ ಹೆಸರು ಹಾಕಿದ್ದೇನೆ, ಸಾಕಲ್ವಾ ಎಂದು ಕೇಳುತ್ತಾರೆ. ಸಾಲದು. ಹೆಸರು ಹಾಕುವುದು ಗೌರವ. ಅನುಮತಿ ಬೇರೆ.

1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, ಇವರ ಕವಿತೆಗಳ ಅವಧಿ ಮುಗಿದಿದೆ. ಯಾರು ಬೇಕಾದರೂ ಹಾಡಬಹುದು. ವಚನ, ಕೀರ್ತನೆ, ಸರ್ವಜ್ಞನ ತ್ರಿಪದಿ, ಶಿಶುನಾಳ ಷರೀಫರ ತತ್ವಪದ ಎಲ್ಲರ ಸ್ವತ್ತು. ಆದರೆ ಬೇರೆಯವರು ಈಚೆಗೆ ಹಾಕಿದ ಟ್ಯೂನ್ ಅವರದೇ. ಷರೀಫರ ಪದ ತೆಗೆದುಕೊಳ್ಳಿ, ಟ್ಯೂನ್ ನೀವು ಕಟ್ಟಿ.

ರಘು ದೀಕ್ಷಿತ್ ಹಾಗೆ ಮಾಡಿದವರು. 19ನೇ ಶತಮಾನದ ಷರೀಫರ ಪದಗಳು ಗಿಟಾರ್, ಪಿಟೀಲಿನ ಜೊತೆ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ತನಕ ಹೋದವು.

## ಆಡಿಯೋ ಕಂಪನಿಯವರು ಅಗ್ರಿಮೆಂಟ್ ಕೊಟ್ಟಿದ್ದಾರೆ. ಸಹಿ ಹಾಕಲಾ?

ಮನೆಗೆ ತೆಗೆದುಕೊಂಡು ಬನ್ನಿ. ಅಲ್ಲೇ ಸಹಿ ಹಾಕಬೇಡಿ.

ನಾನು ಅಲ್ಲೇ ಹಾಕಿದ್ದೆ. ನಾಲ್ಕು ಹಾಡು, 20,000 ರೂಪಾಯಿ, ಇಂಗ್ಲಿಷಿನಲ್ಲಿ ಮೂರು ಪುಟ. ಕಾಫಿ ತಣ್ಣಗಾಗುವ ಮೊದಲು ಸಹಿ ಆಗಿತ್ತು. ಶಾಶ್ವತವಾಗಿ, ಇಡೀ ಜಗತ್ತಿಗೆ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಿಗೆ ಎಂದು ಎರಡನೇ ಪುಟದಲ್ಲಿ ಇತ್ತು. ಅವರು ಒಂದು ಹಾಡು ಬಿಡುಗಡೆ ಮಾಡಿದರು. ಉಳಿದ ಮೂರು ಎಲ್ಲೋ ಒಂದು ಹಾರ್ಡ್ ಡಿಸ್ಕ್‌ನಲ್ಲಿವೆ. ಅದರಲ್ಲಿ ಒಂದನ್ನು ಅಮ್ಮನಿಗಾಗಿ ಬರೆದಿದ್ದೆ. ಅದನ್ನು ವೇದಿಕೆಯಲ್ಲಿ ಹಾಡಿದಾಗ ರೆಕಾರ್ಡಿಂಗ್ ಎಲ್ಲಿ ಸಿಗುತ್ತದೆ ಎಂದು ಜನ ಕೇಳುತ್ತಾರೆ. ಸಿಗುವುದಿಲ್ಲ.

ಈಗ ಕಾನೂನು ನಮ್ಮ ಪರವಾಗಿ ಕೆಲವು ಮಾತು ಹೇಳುತ್ತದೆ. ಅದು ನನಗೆ ಆಗ ಗೊತ್ತಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಸಾಹಿತ್ಯ ಬರೆದವರು ಮತ್ತು ಸಂಗೀತ ಕಟ್ಟಿದವರು ಹಕ್ಕನ್ನು ಕಂಪನಿಗೆ ಕೊಟ್ಟಮೇಲೂ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ಹಣದಲ್ಲಿ, ಸಮಪಾಲು ಪಡೆಯುತ್ತಾರೆ. ನನಗೆ ರಾಯಲ್ಟಿ ಬೇಡ ಎಂದು ಬರೆಸಿಕೊಂಡರೂ ಆ ಮಾತು ನಡೆಯುವುದಿಲ್ಲ. ಎಷ್ಟು ವರ್ಷಕ್ಕೆ ಎಂದು ಅಗ್ರಿಮೆಂಟ್‌ನಲ್ಲಿ ಬರೆದಿಲ್ಲದಿದ್ದರೆ 5 ವರ್ಷ ಎಂದೇ ಅರ್ಥ. ಯಾವ ಪ್ರದೇಶಕ್ಕೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಷರತ್ತು ಇಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ವರ್ಷ, ಪ್ರದೇಶ, ಬಳಕೆಯ ಈ ಮೂರು ಮಾತು ಅದನ್ನು ಬರೆಯದೇ ಬಿಟ್ಟ ಅಗ್ರಿಮೆಂಟ್‌ಗೆ ಮಾತ್ರ. ಶಾಶ್ವತ ಎಂದು ಬರೆದಿದ್ದರೆ ಅದೇ ನಿಲ್ಲುತ್ತದೆ. ಅದಕ್ಕೇ ಓದಬೇಕು.

ನೀವು ಕೇಳಬೇಕಾದ್ದು ಇಷ್ಟು: ಎಷ್ಟು ವರ್ಷ, ಯಾವ ಹಕ್ಕು, ಬಿಡುಗಡೆ ಯಾವಾಗ, ಮಾಡದಿದ್ದರೆ ಹಾಡು ವಾಪಸ್ ಬರುತ್ತದಾ, ಲೆಕ್ಕ ವರ್ಷಕ್ಕೆ ಎಷ್ಟು ಸಲ ಕೊಡುತ್ತೀರಿ. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಹೆದರಬೇಡಿ. ಒಳ್ಳೆಯ ಕಂಪನಿಯವರು ಸಮಾಧಾನವಾಗಿ ಉತ್ತರ ಕೊಡುತ್ತಾರೆ. ಎರಡು ಸಾವಿರ, ಮೂರು ಸಾವಿರ ಖರ್ಚಾದರೂ ಪರವಾಗಿಲ್ಲ, ವಕೀಲರಿಗೆ ಒಮ್ಮೆ ತೋರಿಸಿ.

## ಐಪಿಆರ್‌ಎಸ್ ಅಂದರೆ ಏನು? ಸೇರಲೇಬೇಕಾ?

ಸಾಹಿತ್ಯ ಬರೆದವರು, ಸಂಗೀತ ಕಟ್ಟಿದವರು, ಪ್ರಕಾಶಕರು ಸೇರಿದ ಸಂಘ. 1969ರಲ್ಲಿ ಶುರುವಾಯಿತು, ಮುಂಬೈಯಲ್ಲಿದೆ. ಹೋಟೆಲು, ರೇಡಿಯೋ, ಟಿವಿ, ಸ್ಟ್ರೀಮಿಂಗ್ ಕಂಪನಿ, ಕಾರ್ಯಕ್ರಮ ನಡೆಸುವವರು ಇವರಿಂದೆಲ್ಲ ಲೈಸೆನ್ಸ್ ಹಣ ಪಡೆದು ಸದಸ್ಯರಿಗೆ ಹಂಚುತ್ತದೆ. ನೀವು ಸದಸ್ಯರಲ್ಲದಿದ್ದರೆ, ಹಾಡು ನೋಂದಣಿ ಆಗಿರದಿದ್ದರೆ, ನಿಮ್ಮ ಪಾಲು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಗಾಯಕರಿಗೆ, ವಾದ್ಯ ನುಡಿಸುವವರಿಗೆ ಇಸಾಮ್ರಾ ಎಂಬ ಬೇರೆ ಸಂಘ ಇದೆ. ಬರೆದು, ಕಟ್ಟಿ, ಹಾಡುವುದು ಮೂರನ್ನೂ ಮಾಡುವವರು ಎರಡೂ ಕಡೆ ವಿಚಾರಿಸಿ. ಮೊದಮೊದಲು ಬರುವ ಹಣ ಕಡಿಮೆಯೇ ಇರಬಹುದು. ಆದರೂ ಸೇರಿ ಎನ್ನುತ್ತೇನೆ.

## ಹಾಡನ್ನು ಸ್ಪಾಟಿಫೈ, ಜಿಯೋಸಾವನ್‌ಗೆ ಹಾಕುವುದು ಹೇಗೆ?

ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಇಂಥ ಆ್ಯಪ್‌ಗಳಿಗೆ ಮುಟ್ಟಿಸುವ ಕಂಪನಿಯ ಮೂಲಕ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಇತ್ಯಾದಿ. ಕೆಲವರು ವರ್ಷಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ಕೆಲವರು ಹಾಡಿಗೆ ಇಷ್ಟು ಅಂತ, ಕೆಲವರು ಬಂದದ್ದರಲ್ಲಿ ಪಾಲು. ವರ್ಷದ ಚಂದಾ ನಿಲ್ಲಿಸಿದರೆ ಹಾಡು ಉಳಿಯುತ್ತದಾ, ಇಳಿಯುತ್ತದಾ ಎಂದು ಮೊದಲೇ ನೋಡಿಕೊಳ್ಳಿ.

ಪ್ರತಿ ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಕೋಡ್ ಸಿಗುತ್ತದೆ. ಹಾಡಿನ ಆಧಾರ್ ನಂಬರ್ ಇದ್ದಂತೆ. ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೂ ಅದೇ ಕೋಡ್ ಇಟ್ಟುಕೊಳ್ಳಿ, ಬರೆದಿಡಿ.

ಆಮೇಲೆ ಹೆಸರುಗಳು. ಸಾಹಿತ್ಯ ಯಾರು, ಸಂಗೀತ ಯಾರು, ತಬಲಾ ಯಾರು, ಮಿಕ್ಸಿಂಗ್ ಯಾರು ಎಂದು ತುಂಬುವ ಖಾನೆಗಳಿರುತ್ತವೆ. ರಾತ್ರಿ ಹನ್ನೆರಡಕ್ಕೆ ಅಪ್‌ಲೋಡ್ ಮಾಡುವಾಗ ಅವಸರದಲ್ಲಿ ಖಾಲಿ ಬಿಡುತ್ತೇವೆ. ದಯವಿಟ್ಟು ಬಿಡಬೇಡಿ. ನಿಮ್ಮ ಹಾಡಿನ ಅಂಕಿತ ಇರುವುದು ಆ ಖಾನೆಗಳಲ್ಲೇ. ಭಾಷೆ ಕನ್ನಡ ಎಂದೇ ಆರಿಸಿ. ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಲಿ. ಒಂದು ಹಾಡಿಗೆ ಒಂದು 'ಎ', ಇನ್ನೊಂದಕ್ಕೆ ಎರಡು 'ಎ' ಹಾಕಿದ ಗೆಳೆಯನೊಬ್ಬನಿಗೆ ಈಗ ಎರಡು ಬೇರೆ ಬೇರೆ ಪುಟಗಳಿವೆ. ಕೇಳುಗರು ಎರಡು ಪಾಲಾಗಿದ್ದಾರೆ.

ಬಿಡುಗಡೆ ದಿನಕ್ಕೆ ಮೂರು ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿ. ಸ್ಪಾಟಿಫೈನ ಪ್ಲೇಲಿಸ್ಟ್ ತಂಡಕ್ಕೆ ಹಾಡು ತೋರಿಸಬೇಕಿದ್ದರೆ ಅದು ಬಿಡುಗಡೆಯಾಗದ ಹಾಡೇ ಆಗಿರಬೇಕು. ಕಡಿಮೆ ಅಂದರೆ 7 ದಿನ ಮೊದಲು ಕಳಿಸಬೇಕು. ನಾಳೆ ರಾಜ್ಯೋತ್ಸವ, ಇವತ್ತು ಹಾಡು ಮುಗೀತು ಎಂದು ಓಡಿದರೆ ಆ ಅವಕಾಶ ಕೈತಪ್ಪಿತು.

## ಸ್ಟ್ರೀಮಿಂಗ್ ದುಡ್ಡಿನಲ್ಲಿ ಜೀವನ ನಡೆಯುತ್ತಾ?

ಕನ್ನಡದಲ್ಲಿ ಹಾಡುವ ಹೆಚ್ಚಿನವರಿಗೆ ಇಲ್ಲ. 2024ರಿಂದ ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ಹಣವೇ ಇಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಬೇಕು, ಅದರ ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ. ಸ್ಟ್ರೀಮಿಂಗ್ ನಿಮ್ಮ ವಿಸಿಟಿಂಗ್ ಕಾರ್ಡ್ ಅಂದುಕೊಳ್ಳಿ. ಅನ್ನ ಬರುವುದು ಕಾರ್ಯಕ್ರಮ, ಪಾಠ, ಜಾಹೀರಾತು ಮತ್ತು ಕಿರುಚಿತ್ರದ ಸಂಗೀತ, ಹೀಗೆ ನಾಲ್ಕಾರು ಕಡೆಯಿಂದ. 1996ರಿಂದ ಇರುವ ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನವರು ಟಾಕಾಡೆಮಿ ಎಂಬ ಸಂಗೀತ ಶಾಲೆಯನ್ನೇ ಕಟ್ಟಿದರು. ಅದು ನನಗೆ ತುಂಬಾ ಇಷ್ಟವಾದ ದಾರಿ.

## ಮಾರ್ಕೆಟಿಂಗ್ ಅಂದರೆ ಜಾಹೀರಾತಾ? ನನ್ನನ್ನು ನಾನೇ ಹೊಗಳಿಕೊಳ್ಳಬೇಕಾ?

ಹೊಗಳಿಕೊಳ್ಳಬೇಕಿಲ್ಲ. ಯಾರಿಗಾಗಿ ಹಾಡುತ್ತಿದ್ದೀರಿ ಎಂದು ಗೊತ್ತಿರಬೇಕು. ಎಲ್ಲರಿಗೂ ಎನ್ನುವ ಉತ್ತರ ಉತ್ತರವೇ ಅಲ್ಲ. ಬೆಂಗಳೂರಿನ ಪಿಜಿಯಲ್ಲಿ ಕೂತು ಹಾವೇರಿಯನ್ನು ನೆನೆಸುವ ಹುಡುಗನಿಗಾ? ಮಗುವಿಗೆ ಕನ್ನಡ ಕಲಿಸಬೇಕೆಂದು ಒದ್ದಾಡುವ ನ್ಯೂಜೆರ್ಸಿಯ ತಾಯಿಗಾ? ಇಬ್ಬರೂ ಇರುವ ಜಾಗ ಬೇರೆ, ಕೇಳುವ ಹೊತ್ತು ಬೇರೆ. ಮಕ್ಕಳ ಹಾಡು ಕಟ್ಟುವವರು ರೀಲ್ಸ್ ಹಿಂದೆ ಓಡುವ ಬದಲು ಹೊರದೇಶದ ಕನ್ನಡ ಶಾಲೆಗಳಿಗೆ ಒಂದು ಮೇಲ್ ಕಳಿಸಿದರೆ ಜಾಸ್ತಿ ಕೆಲಸ ಆಗುತ್ತದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಕಲಾವಿದರನ್ನು ಆರಿಸುವ ಮಾತು ತಿಂಗಳುಗಟ್ಟಲೆ ಮೊದಲೇ ಶುರುವಾಗುತ್ತದೆ. ಆ ಹೊತ್ತಿಗೆ ನಿಮ್ಮ ಹೆಸರು ಅವರ ಕಿವಿಯಲ್ಲಿರಬೇಕು.

ನಮ್ಮಲ್ಲಿ ಕಾರ್ಯಕ್ರಮಕ್ಕೂ ಬೆಳೆಯ ಹಾಗೆ ಹಂಗಾಮು ಇದೆ. ಗಣೇಶನ ಹಬ್ಬ, ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ. ನವೆಂಬರ್ ಕಾರ್ಯಕ್ರಮಕ್ಕೆ ಅಕ್ಟೋಬರ್ ಕೊನೆಗೆ ಫೋನ್ ಮಾಡಿದರೆ ಎಲ್ಲ ಮುಗಿದಿರುತ್ತದೆ. ಆಗಸ್ಟ್‌ನಲ್ಲೇ ಕಂಪನಿಗಳ ಕನ್ನಡ ಸಂಘಗಳಿಗೆ, ಬಡಾವಣೆಯ ಸಂಘಗಳಿಗೆ, ಕಾಲೇಜುಗಳಿಗೆ ಬರೆಯಿರಿ. ಕಳಿಸಬೇಕಾದ್ದು ಸ್ವಲ್ಪವೇ. ವೇದಿಕೆಯಲ್ಲಿ ಹಾಡಿದ ಎರಡು ನಿಮಿಷದ ವಿಡಿಯೋ, ಒಂದು ಪುಟ ಪರಿಚಯ, ಒಂದು ಒಳ್ಳೆಯ ಫೋಟೋ, ನಿಮ್ಮ ಫೋನ್ ನಂಬರ್. ಸ್ಟುಡಿಯೋದಲ್ಲಿ ತಿದ್ದಿದ ವಿಡಿಯೋ ಬೇಡ. ಕರೆಯುವವರಿಗೆ ಬೇಕಿರುವುದು ಈ ತಂಡ ಜನರನ್ನು ಎರಡು ಗಂಟೆ ಕೂರಿಸುತ್ತದಾ ಎಂಬ ಧೈರ್ಯ.

## ದಿನಾ ರೀಲ್ಸ್ ಹಾಕಲೇಬೇಕಾ?

ಬೇಕಿಲ್ಲ. ವಾರಕ್ಕೆ ಒಂದೋ ಎರಡೋ, ನಿಮ್ಮ ಸಂಗೀತಕ್ಕೆ ಸಂಬಂಧಪಟ್ಟದ್ದು ಹಾಕಿ. ಅಭ್ಯಾಸದ ಒಂದು ತುಣುಕು, ಸಾಲು ಹುಟ್ಟಿದ ಕಥೆ, ರಾಗ ಬದಲಾಯಿಸಿದರೆ ಹಾಡು ಹೇಗಾಗುತ್ತದೆ ಎಂದು ತೋರಿಸುವುದು. ಸುಮ್ನೆ ಟ್ರೆಂಡ್ ಹಿಂದೆ ಓಡಬೇಡಿ. ಒಮ್ಮೆ ಹಾಗೆ ಓಡಿದಾಗ ನಮಗೆ ವೀಕ್ಷಣೆ ಬಂತು, ಮುಂದಿನ ಕಾರ್ಯಕ್ರಮಕ್ಕೆ ಒಬ್ಬರೂ ಹೆಚ್ಚಿಗೆ ಬರಲಿಲ್ಲ.

## ಇನ್‌ಸ್ಟಾಗ್ರಾಂನಲ್ಲಿ ಫಾಲೋವರ್‌ಗಳಿದ್ದಾರೆ. ಅಷ್ಟು ಸಾಕಲ್ವಾ?

ಟಿಕ್‌ಟಾಕ್‌ನಲ್ಲಿ ಲಕ್ಷಗಟ್ಟಲೆ ಫಾಲೋವರ್ ಇದ್ದ ಹಳ್ಳಿಯ ಹಾಡುಗಾರರು ನಮ್ಮಲ್ಲಿದ್ದರು. 2020ರ ಜೂನ್ ಕೊನೆಗೆ ಅದಕ್ಕೆ ನಿಷೇಧ ಬಂತು. ರಾತ್ರೋರಾತ್ರಿ ಎಲ್ಲ ಹೋಯಿತು. ಹಾಡು ಕೇಳುವ ಆ್ಯಪ್ ರೆಸ್ಸೋ 2024ರ ಜನವರಿಯಲ್ಲಿ ಭಾರತದಲ್ಲಿ ಮುಚ್ಚಿತು. ಅದೇ ವರ್ಷ ಅಂಥದ್ದೇ ಇನ್ನೊಂದು ಆ್ಯಪ್ ವಿಂಕ್ ಕೂಡ ಅಂಗಡಿ ಎತ್ತಿತು. ಇವೆಲ್ಲ ಬಾಡಿಗೆ ಮನೆಗಳು. ನಿಮ್ಮ ಕೇಳುಗರ ಪಟ್ಟಿ ನಿಮ್ಮ ಹತ್ತಿರವೇ ಇರಲಿ. ಕಾರ್ಯಕ್ರಮದ ದಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಡಿ. ಇಷ್ಟವಿದ್ದವರು ಹೆಸರು, ವಾಟ್ಸಾಪ್ ನಂಬರ್, ಊರು ಬರೆಯಲಿ. ಮುಂದಿನ ಸಲ ಆ ಊರಿಗೆ ಹೋಗುವಾಗ ಅವರಿಗೆ ಮಾತ್ರ ಒಂದು ಮೆಸೇಜ್. ದಿನಾ ಗುಡ್ ಮಾರ್ನಿಂಗ್ ಕಳಿಸಬೇಡಿ. ನಮ್ಮ ನೋಟ್‌ಬುಕ್ಕಿನಲ್ಲಿ 600 ಹೆಸರಿದೆ. ಮೈಸೂರಿನಲ್ಲಿ ನಾವೇ ಟಿಕೆಟ್ ಮಾರಿ ಮಾಡಿದ ಮೊದಲ ಕಾರ್ಯಕ್ರಮಕ್ಕೆ ಬಂದವರಲ್ಲಿ ಅರ್ಧದಷ್ಟು ಜನ ಆ ನೋಟ್‌ಬುಕ್ಕಿನವರು.

## ಕಾರ್ಯಕ್ರಮಕ್ಕೆ ಎಷ್ಟು ಕೇಳಬೇಕು?

ಮೊದಲು ಖರ್ಚು ಬರೆಯಿರಿ, ಆಮೇಲೆ ಬಾಯಿ ತೆರೆಯಿರಿ. ಉದಾಹರಣೆಗೆ ಐದು ಜನರ ಬ್ಯಾಂಡ್, ಬೆಂಗಳೂರಿನಿಂದ ಹುಬ್ಬಳ್ಳಿಗೆ. 50,000 ಕೊಡುತ್ತೇವೆ ಎಂದರು. ಕೇಳಲು ದೊಡ್ಡ ಮೊತ್ತ. ಈಗ ಲೆಕ್ಕ ಹಾಕೋಣ. ಹೋಗಿ ಬರಲು ಸುಮಾರು 820 ಕಿಲೋಮೀಟರ್. ಟೆಂಪೋ ಟ್ರಾವೆಲರ್‌ಗೆ ಕಿಲೋಮೀಟರಿಗೆ 25 ಎಂದಿಟ್ಟುಕೊಂಡರೆ 20,500. ಟೋಲು, ಡ್ರೈವರ್ ಬಾಟಾ 2,500. ಸೌಂಡ್ ಎಂಜಿನಿಯರ್‌ಗೆ 6,000. ಏಳು ಜನರ ಊಟ, ವಸತಿ 8,000. ಅಭ್ಯಾಸಕ್ಕೆ ಬಾಡಿಗೆಯ ಜಾಮ್ ರೂಮಿನಲ್ಲಿ ಮೂರು ದಿನ, ದಿನಕ್ಕೆ ಮೂರು ಗಂಟೆ, ಗಂಟೆಗೆ 500, ಅಂದರೆ 4,500. ಒಟ್ಟು 41,500. ಉಳಿದದ್ದು 8,500. ತಲೆಗೆ 1,700. ಮೂರು ದಿನದ ಅಭ್ಯಾಸ, ಎರಡು ದಿನದ ಓಡಾಟಕ್ಕೆ ಅಷ್ಟು. ತಂತಿ ತುಂಡಾದರೆ ಅದೂ ಇದರಲ್ಲೇ.

ಈ ಲೆಕ್ಕ ಕೈಯಲ್ಲಿದ್ದರೆ ಮಾತು ಸುಲಭ. ಪ್ರಯಾಣ ಮತ್ತು ವಸತಿ ನಿಮ್ಮದು, ಸಂಭಾವನೆ ಬೇರೆ ಎಂದು ಹೇಳಬಹುದು. ಐದು ಜನರ ಬದಲು ಮೂರು ಜನ ರೈಲಿನಲ್ಲಿ ಬರುತ್ತೇವೆ ಎನ್ನಬಹುದು. ಹತ್ತಿರದ ಧಾರವಾಡದಲ್ಲಿ ಮರುದಿನಕ್ಕೆ ಇನ್ನೊಂದು ಕಾರ್ಯಕ್ರಮ ಹುಡುಕಬಹುದು. ಲೆಕ್ಕ ಇಲ್ಲದವರಿಗೆ ಹೂಂ ಅನ್ನುವುದು, ಇಲ್ಲ ಅನ್ನುವುದು ಎರಡೇ ದಾರಿ.

## ದುಡ್ಡಿಲ್ಲ, ಆದರೆ ಒಳ್ಳೆ ಪ್ರಚಾರ ಸಿಗುತ್ತದೆ ಅನ್ನುತ್ತಾರೆ. ಹೋಗಲಾ?

ಯಾರೂ ದುಡ್ಡು ಮಾಡದ ಜಾಗಕ್ಕೆ ಸಂತೋಷವಾಗಿ ಹೋಗಿ. ಸರ್ಕಾರಿ ಶಾಲೆ, ವೃದ್ಧಾಶ್ರಮ, ಊರ ದೇವರ ಸೇವೆ, ಗೆಳೆಯನ ಹೋರಾಟ. ಆದರೆ ಶಾಮಿಯಾನದವರಿಗೆ, ಲೈಟಿನವರಿಗೆ, ಅಡುಗೆಯವರಿಗೆ ದುಡ್ಡು ಇದ್ದು ಹಾಡುವವರಿಗೆ ಮಾತ್ರ ಇಲ್ಲ ಎಂದರೆ ಕೈಮುಗಿದು ಬೇಡ ಎನ್ನಿ. ನೀವು ಬಿಟ್ಟಿ ಹಾಡಿದರೆ ನಿಮ್ಮ ನಂತರ ಬರುವ ಹುಡುಗಿಗೂ ಅದೇ ಮಾತು ಹೇಳುತ್ತಾರೆ.

## ಅಡ್ವಾನ್ಸ್ ಕೇಳಲು ಮುಜುಗರ ಆಗುತ್ತದೆ.

ಎಲ್ಲರಿಗೂ ಆಗುತ್ತದೆ. ಬಾಯಲ್ಲಿ ಕೇಳಬೇಡಿ, ಬರೆದು ಕಳಿಸಿ. ದಿನಾಂಕ, ಜಾಗ, ಎಷ್ಟು ಹೊತ್ತು ಹಾಡುತ್ತೇವೆ, ಒಟ್ಟು ಸಂಭಾವನೆ, ಅರ್ಧ ಮುಂಗಡ, ಉಳಿದದ್ದು ವೇದಿಕೆ ಹತ್ತುವ ಮೊದಲು, ಕಾರ್ಯಕ್ರಮ ರದ್ದಾದರೆ ಏನು, ಎಷ್ಟು ಮೈಕ್ ಬೇಕು. ವಾಟ್ಸಾಪ್‌ನಲ್ಲಿ ಆದರೂ ಸರಿ, ಅವರಿಂದ ಒಪ್ಪಿದೆ ಎಂದು ಉತ್ತರ ಬರಲಿ. ಮಳೆ ಬಂದು ನಿಂತುಹೋದ ಒಂದು ಗಣೇಶೋತ್ಸವದಲ್ಲಿ ನಮಗೆ ವಾಪಸ್ ಬರುವ ಡೀಸೆಲ್ಲಿಗೂ ದುಡ್ಡಿರಲಿಲ್ಲ. ಆ ರಾತ್ರಿ ಡ್ರಮ್ಮರ್ ತನ್ನ ತಂಗಿಯ ಫೀಸಿಗೆ ಇಟ್ಟಿದ್ದ ಹಣ ಕೊಟ್ಟ. ಮುಂಗಡ ಇಲ್ಲದೆ ನಾವು ಆಮೇಲೆ ಊರು ಬಿಟ್ಟಿಲ್ಲ.

## ತೆರಿಗೆ, ಜಿಎಸ್‌ಟಿ ನನಗೂ ಇದೆಯಾ?

ಪ್ಯಾನ್ ಕಾರ್ಡ್, ಬೇರೆ ಬ್ಯಾಂಕ್ ಖಾತೆ, ಬಿಲ್ ಪುಸ್ತಕ. ಇವಿಷ್ಟು ಮೊದಲ ದಿನದಿಂದ ಇರಲಿ. ಕಂಪನಿಗಳು ಟಿಡಿಎಸ್, ಅಂದರೆ ಮೊದಲೇ ಕಡಿಯುವ ತೆರಿಗೆ, ಹಿಡಿದು ಉಳಿದದ್ದನ್ನು ಕೊಡುತ್ತವೆ. ಆ ಹಣ ಹೋಯಿತು ಅಂದುಕೊಂಡು ಬಿಡಬೇಡಿ. ಆದಾಯ ಕಡಿಮೆ ಇದ್ದರೆ ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಜಾನಪದ ಮತ್ತು ಶಾಸ್ತ್ರೀಯ ಕಲಾವಿದರ ಪ್ರದರ್ಶನಕ್ಕೆ ಸಂಭಾವನೆ 1.5 ಲಕ್ಷದವರೆಗೆ ಇದ್ದರೆ ಜಿಎಸ್‌ಟಿಯಿಂದ ವಿನಾಯಿತಿಯೇ ಇದೆ. ವರ್ಷಕ್ಕೊಮ್ಮೆ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಿ.

## ಬ್ಯಾಂಡಿನಲ್ಲಿ ದುಡ್ಡಿನ ಮಾತು ಬಂದರೆ ಜಗಳ ಆಗುತ್ತದೆ. ಏನು ಮಾಡಲಿ?

ದುಡ್ಡು ಬರುವ ಮೊದಲೇ ಮಾತಾಡಿ. ಯಾವ ಹಾಡಿನ ಸಾಹಿತ್ಯ, ಟ್ಯೂನ್ ಯಾರದು, ಎಷ್ಟು ಪಾಲು ಎಂದು ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಯಾರಾದರೂ ಬಿಟ್ಟುಹೋದರೆ ಬ್ಯಾಂಡಿನ ಹೆಸರು ಯಾರಿಗೆ ಎಂದೂ ಬರೆಯಿರಿ. ಗೆಳೆತನಕ್ಕೆ ಹಾಳೆ ಯಾಕೆ ಎನ್ನುತ್ತಾರೆ. ಗೆಳೆತನ ಉಳಿಯಲಿ ಅಂತಲೇ ಹಾಳೆ.

## ಇದೆಲ್ಲ ನೋಡಿಕೊಳ್ಳಲು ಮ್ಯಾನೇಜರ್ ಇಟ್ಟುಕೊಂಡರೆ ಆಯಿತಲ್ಲ?

ಇಟ್ಟುಕೊಳ್ಳಿ, ಆದರೆ ಎರಡು ವರ್ಷ ನೀವೇ ಮಾಡಿದ ಮೇಲೆ. ಏನು ಕೆಲಸ ಎಂದೇ ಗೊತ್ತಿಲ್ಲದಿದ್ದರೆ ಅವರು ಮಾಡುತ್ತಿದ್ದಾರೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ವಾರದಲ್ಲಿ ಒಂದು ಬೆಳಗ್ಗೆ ಈ ಕೆಲಸಕ್ಕೆ ಕೊಡಿ. ನಾನು ಸೋಮವಾರ ಹತ್ತರಿಂದ ಒಂದರ ತನಕ ಮಾಡುತ್ತೇನೆ. ಉಳಿದ ಹೊತ್ತು ಮೇಲ್ ನೋಡುವುದಿಲ್ಲ, ಅಭ್ಯಾಸ ಮಾತ್ರ.

## ಇದು ಹಳ್ಳಿಯ ಜಾನಪದ ಹಾಡುಗಾರರಿಗೂ ಅನ್ವಯಿಸುತ್ತದಾ?

ಅವರಿಗೇ ಜಾಸ್ತಿ. ಉತ್ತರ ಕರ್ನಾಟಕದ ಜನಪದ ಹಾಡುಗಳಿಗೆ ಯೂಟ್ಯೂಬ್‌ನಲ್ಲಿ ಎಷ್ಟು ಕೇಳುಗರಿದ್ದಾರೆ ಎಂದು ನಿಮಗೇ ಗೊತ್ತು. ಒಮ್ಮೆ ಒಂದಿಷ್ಟು ಹಣ ಪಡೆದು ಹಾಡಿ ಬಂದವರಿಗೆ ಆ ವೀಕ್ಷಣೆಯಿಂದ ಮುಂದೆ ಏನೂ ಸಿಗದಿರುವುದನ್ನು ನಾನು ಕಂಡಿದ್ದೇನೆ. ಪರಂಪರೆಯ ಹಾಡು ಯಾರೊಬ್ಬರ ಸ್ವತ್ತೂ ಅಲ್ಲ, ನಿಜ. ಆದರೆ ಅದನ್ನು ಹಾಡಿದ ದನಿ ಆ ಹಾಡುಗಾರರದು. ಆ ಪ್ರದರ್ಶನದ ಮೇಲೆ ಅವರಿಗೆ ಹಕ್ಕಿದೆ. ನಿಮ್ಮ ಊರಿನಲ್ಲಿ ಅಂಥವರಿದ್ದರೆ ಪಕ್ಕದಲ್ಲಿ ಕೂತು ಕಂಪನಿಯವರು ಕೊಟ್ಟ ಅಗ್ರಿಮೆಂಟನ್ನು ಕನ್ನಡದಲ್ಲಿ ಓದಿ ಹೇಳಿ. ವಿಡಿಯೋ ಮಾಡಿದರೆ ಹೆಸರು ಹಾಕಿ.

ನಮ್ಮ ಸೋದರತ್ತೆ ಸೋಬಾನೆ ಪದ ಚೆನ್ನಾಗಿ ಹೇಳುತ್ತಾರೆ. ಹೋದ ಬೇಸಿಗೆಯಲ್ಲಿ ಅವರ ಹನ್ನೊಂದು ಹಾಡು ರೆಕಾರ್ಡ್ ಮಾಡಿ, ಕೋಡ್ ಪಡೆದು, ಡಿಸ್ಟ್ರಿಬ್ಯೂಟರ್ ಮೂಲಕ ಎಲ್ಲ ಕಡೆ ಹಾಕಿದೆ. ಹಾಡಿದವರು ಎಂಬ ಖಾನೆಯಲ್ಲಿ ಅವರ ಹೆಸರು ತುಂಬುವಾಗ ಪಕ್ಕದಲ್ಲೇ ಕೂತಿದ್ದರು. "ನನ್ನ ಹೆಸರು ಯಾಕಪ್ಪ, ಇವು ನಮ್ಮವ್ವ ಹೇಳಿಕೊಟ್ಟ ಪದ" ಅಂದರು. ಅವರ ಅವ್ವನ ಹೆಸರು ಕೇಳಿ, ಪ್ರತಿ ಹಾಡಿನ ವಿವರದಲ್ಲಿ ಅದನ್ನೂ ಬರೆದೆ.